ಬಿಟ್ಟುಹೋದವರ ಲೆಕ್ಕ ಕೊಡಿ



ಬರಹ ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕವರು ಈಗಲೇ ಓದಿ, ನಿಂತಿರೋರು ಸೇವ್ ಮಾಡಿಟ್ಕೊಂಡು ರಾತ್ರಿ ಓದಿ. ಪೂರ್ತಿ ಓದದೆ ಲೈಕ್ ಒತ್ತಬೇಡಿ, ಅಷ್ಟೇ ಕೇಳೋದು.

"ಜ್ಞಾನಭಾರತೀಲಿ ಈಗ ಯಾರ್ ಓದ್ತಾರ್ರೀ? ಬರೀ ಹಾಸ್ಟೆಲ್ ಹುಡುಗ್ರು. ಕ್ವಾಲಿಟಿ ಹೋಗಿ ಎಷ್ಟೋ ಕಾಲ ಆಯ್ತು." ಈ ಮಾತು ನನ್ನ ಕಿವಿಗೆ ಬೀಳದ ವರ್ಷವೇ ಇಲ್ಲ. ಹೇಳೋರು ಯಾರು ಅಂತ ಗಮನಿಸಿದ್ದೀರಾ? ಅದೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಬಿಡಿಗಾಸಿಗೆ ಡಿಗ್ರಿ ಮಾಡ್ಕೊಂಡು, ಬ್ಯಾಂಕು ಕಾರ್ಖಾನೆ ಅಂತ ಕೆಲಸ ಹಿಡಿದು, ಈಗ ತಮ್ಮ ಮಕ್ಕಳನ್ನ ಲಕ್ಷಗಟ್ಟಲೆ ಫೀಸು ಕಟ್ಟಿ ಖಾಸಗಿ ವಿವಿಗೆ ಕಳಿಸಿರೋರು. 'ಹಾಸ್ಟೆಲ್ ಹುಡುಗ್ರು' ಅಂದ್ರೆ ಯಾರು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು, ಹೇಳಿದವರಿಗೂ ಗೊತ್ತು. ಜಾತಿಯ ಹೆಸರೆತ್ತದೆ ಜಾತಿ ಹೇಳೋ ವಿದ್ಯೆ ಈ ಊರಲ್ಲಿ ಚೆನ್ನಾಗಿ ಬೆಳೆದಿದೆ.

ನಾನು ಪ್ರೊಫೆಸರ್ ಅಲ್ಲ. ಬಿ.ಎ. ಓದಿದ ಗುಮಾಸ್ತ. ಇಪ್ಪತ್ತು ವರ್ಷದಿಂದ ಟಪಾಲು, ಫೈಲು, ತಖ್ತೆ ಇದೇ ನನ್ನ ಕೆಲಸ. ಹಾಗಾಗಿ 'ಗುಣಮಟ್ಟ' ಅನ್ನೋ ದೊಡ್ಡ ಮಾತನ್ನ ನಾನು ಗುಮಾಸ್ತನ ಕಣ್ಣಿಂದಲೇ ನೋಡ್ತೀನಿ. ತಖ್ತೆಯಲ್ಲಿ ಯಾವ ಕಾಲಂ ಇದೆ, ಯಾವ ಕಾಲಂ ಇಲ್ಲ? ಕಾಲಂ ಇಲ್ಲದ ವಿಷಯಕ್ಕೆ ಯಾವ ಆಫೀಸಲ್ಲೂ ಹಣ ಬಿಡುಗಡೆ ಆಗಲ್ಲ, ಯಾರೂ ಜವಾಬ್ದಾರರೂ ಆಗಲ್ಲ.

ಮೊದಲು ಈ 'ಕ್ವಾಲಿಟಿ' ಹಾಡು ಎಷ್ಟು ಹಳೇದು ನೋಡೋಣ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ರು. ಸರ್ಕಾರಿ ನೌಕರಿ ಒಂದೇ ಜಾತಿಯ ಕೈಲಿದೆ, ಉಳಿದವರಿಗೂ ಪಾಲು ಸಿಗಬೇಕು ಅನ್ನೋದು ವಿಷಯ. ಆಗಲೂ ಇದೇ ರಾಗ ಎದ್ದಿತ್ತು: ದಕ್ಷತೆ ಹಾಳಾಗುತ್ತೆ, ಪ್ರತಿಭೆಗೆ ಅನ್ಯಾಯ ಆಗುತ್ತೆ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಈ ವಿಷಯದಲ್ಲೇ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು ಹುದ್ದೆ ಬಿಟ್ಟಿದ್ದು ಇತಿಹಾಸ ಓದಿದವರಿಗೆಲ್ಲ ಗೊತ್ತಿರೋದೇ. ನೂರು ವರ್ಷ ದಾಟಿದೆ. ಅಣೆಕಟ್ಟು ಕುಸಿದಿಲ್ಲ, ರಾಜ್ಯ ಮುಳುಗಿಲ್ಲ. ಹಾಡು ಮಾತ್ರ ಅದೇ, ಹಾಡೋರ ಮೊಮ್ಮಕ್ಕಳು ಬೇರೆ.

ಬೆಂಗಳೂರು ವಿವಿ 1964ರಲ್ಲಿ ಮೈಸೂರು ವಿವಿಯಿಂದ ಬೇರೆಯಾಗಿ ಶುರುವಾಯ್ತು. ಸೆಂಟ್ರಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಎರಡೂ ಅದರ ಕೈಗೆ ಬಂದವು. ಜ್ಞಾನಭಾರತಿಯ ಸಾವಿರ ಎಕರೆಗೂ ಮೀರಿದ ಕ್ಯಾಂಪಸ್ ಶುರುವಾಗಿದ್ದು 1973ರಲ್ಲಿ. ಅದೇ ವರ್ಷದ ಕೊನೆಗೆ ಬಸವಲಿಂಗಪ್ಪನವರು ಮೈಸೂರಲ್ಲಿ 'ಬೂಸಾ' ಮಾತಾಡಿದ್ದು, ಅದನ್ನೇ ನೆಪ ಮಾಡ್ಕೊಂಡು ನಮ್ಮ ಹುಡುಗರ ಹಾಸ್ಟೆಲ್‌ಗಳ ಮೇಲೆ ಕಲ್ಲು ಬಿದ್ದಿದ್ದು. ಆವತ್ತು ನಮ್ಮವರು ಕಾಲೇಜುಗಳಲ್ಲಿ ಬೆರಳೆಣಿಕೆಯಷ್ಟು ಇದ್ರು. ಅಷ್ಟು ಜನ ಇದ್ದಿದ್ದೇ ಕೆಲವರಿಗೆ ತಡೆಯೋಕಾಗಿರಲಿಲ್ಲ.

ಆ ಬೆರಳೆಣಿಕೆಯವರು ಏನು ಮಾಡಿದ್ರು? ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದು, ಶ್ರೀರಾಮಪುರದಲ್ಲಿ ಬೆಳೆದು, ಸರ್ಕಾರಿ ಹಾಸ್ಟೆಲ್ ಅನ್ನ ಉಂಡು ಓದಿದ ಸಿದ್ದಲಿಂಗಯ್ಯ ಅದೇ ಬೆಂಗಳೂರು ವಿವಿಯಲ್ಲಿ ಕನ್ನಡ ಪ್ರಾಧ್ಯಾಪಕರಾದ್ರು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಡಿ.ಆರ್. ನಾಗರಾಜ್ ಅಲ್ಲೇ ಪಾಠ ಹೇಳಿದ್ರು. ಇವತ್ತು ಯಾವುದೇ ಊರಿನ ಸೆಮಿನಾರಿನಲ್ಲಿ ಬೆಂಗಳೂರು ವಿವಿಯ ಕನ್ನಡ ವಿಭಾಗದ ಹೆಸರು ಗೌರವದಿಂದ ಬರುತ್ತೆ ಅಂದ್ರೆ ಯಾರ ದೆಸೆಯಿಂದ? 'ಕ್ವಾಲಿಟಿ' ಅನ್ನೋ ಸ್ವಾಮಿಗಳು ಇದಕ್ಕೊಂದು ಉತ್ತರ ಕೊಟ್ಟು ಮುಂದಕ್ಕೆ ಹೋಗಲಿ.

ಈಗಿನ ಮಾತಿಗೆ ಬರೋಣ. ಇವತ್ತು ಈ ವಿವಿಯ ತರಗತಿಗಳಲ್ಲಿ ಕೂತಿರೋ ಮಕ್ಕಳನ್ನ ಒಂದು ಸಲ ಹೋಗಿ ನೋಡಿ. ಮಾಗಡಿ, ಕನಕಪುರ, ಮಾಲೂರು, ಗೌರಿಬಿದನೂರು, ಪಾವಗಡದ ಕಡೆಯಿಂದ ಬಂದವರು. ಕಲ್ಯಾಣ ಕರ್ನಾಟಕದಿಂದ ರಾತ್ರಿ ರೈಲು ಹತ್ತಿ ಬಂದವರು. ಪೌರಕಾರ್ಮಿಕರ ಮಕ್ಕಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮಕ್ಕಳು, ಆಟೋ ಓಡಿಸೋರ ಮಕ್ಕಳು. ಮನೆಯಲ್ಲಿ ಮೊದಲ ಸಲ ಡಿಗ್ರಿ ದಾಟಿದವರು. ಬೆಳಗ್ಗೆ ಕ್ಲಾಸು, ಸಂಜೆ ಫುಡ್ ಡೆಲಿವರಿ. ಶನಿವಾರ ಭಾನುವಾರ ಮದುವೆ ಛತ್ರದಲ್ಲಿ ಬಡಿಸೋ ಕೆಲಸ. ಒಂದು ಒಳ್ಳೇದನ್ನೂ ಹೇಳಿಬಿಡ್ತೀನಿ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಊರಿಂದಲೇ ಓಡಾಡಿ ಓದೋ ಹೆಣ್ಣುಮಕ್ಕಳಿಗೆ ನಿಜವಾಗಲೂ ಉಸಿರು ಬಂತು. ಯಾವ ಸರ್ಕಾರ ಮಾಡಿದ್ರೂ ಒಳ್ಳೇದು ಒಳ್ಳೇದೇ.

ಇವರೇನು ಎಲ್ಲಾ ಸೀಟು ನುಂಗಿಬಿಟ್ಟಿದ್ದಾರಾ? ಕೇಂದ್ರ ಸರ್ಕಾರದ್ದೇ ಉನ್ನತ ಶಿಕ್ಷಣ ಸಮೀಕ್ಷೆ ಇದೆ, 2021-22ರದ್ದು. ದೇಶದಲ್ಲಿ ಒಟ್ಟು ವಿದ್ಯಾರ್ಥಿಗಳು 4.33 ಕೋಟಿ. ಅದರಲ್ಲಿ ಪರಿಶಿಷ್ಟ ಜಾತಿಯವರು 66.23 ಲಕ್ಷ, ಅಂದ್ರೆ ನೂರಕ್ಕೆ 15.3. ಜನಸಂಖ್ಯೆಯಲ್ಲಿ ನಮ್ಮ ಪಾಲು 2011ರ ಗಣತಿಯಲ್ಲೇ 16.6. ಕಾಲೇಜಿಗೆ ಹೋಗೋ ವಯಸ್ಸಿನ ನೂರು ಜನರಿಗೆ ಲೆಕ್ಕ ಹಾಕಿದ್ರೆ ದೇಶದ ಸರಾಸರಿ 28.4, ನಮ್ಮದು 25.9, ಆದಿವಾಸಿಗಳದ್ದು 21.2. ಎಲ್ಲಿ ಸ್ವಾಮಿ ನುಂಗಿದ್ದು? ನಮ್ಮ ಪಾಲಿನ ತಟ್ಟೆಯೇ ಇನ್ನೂ ತುಂಬಿಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಪಾಠ ಮಾಡೋರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 9, ಪರಿಶಿಷ್ಟ ಪಂಗಡದವರು ಎರಡೂವರೆ. ಬೆಂಚಲ್ಲಿ ಹದಿನೈದು ಜನ ಕೂತಿದ್ರೆ ಬೋರ್ಡ್ ಹತ್ರ ಒಂಬತ್ತು ಜನ. ಆ ಒಂಬತ್ತರ ಗತಿ ಏನು? 2025ರ ಜುಲೈನಲ್ಲಿ ಬೆಂಗಳೂರು ವಿವಿಯ ದಲಿತ ಪ್ರಾಧ್ಯಾಪಕರು ತಾರತಮ್ಯ ಆಗ್ತಿದೆ ಅಂತ ತಮ್ಮ ಹೆಚ್ಚುವರಿ ಆಡಳಿತ ಹೊಣೆಗಳಿಗೆ ಗುಂಪಾಗಿ ರಾಜೀನಾಮೆ ಬರೆದುಕೊಟ್ಟಿದ್ದು ಪೇಪರಲ್ಲೇ ಬಂತು. ಪ್ರೊಫೆಸರ್‌ಗಳ ಪರಿಸ್ಥಿತಿಯೇ ಹೀಗಿದ್ರೆ ಎಂ.ಎ. ಮೊದಲ ವರ್ಷದ ಹುಡುಗ ಯಾರ ಹತ್ರ ಹೋಗಿ ಅಳಬೇಕು?

ನನ್ನ ವಾದ ಇಷ್ಟು. ನಮ್ಮ ಮಕ್ಕಳು ಬಂದಿದ್ದಕ್ಕೆ ಗುಣಮಟ್ಟ ಹೋಗಲಿಲ್ಲ. ನಮ್ಮ ಮಕ್ಕಳು ಬರೋ ಹೊತ್ತಿಗೆ ಸರ್ಕಾರ ದುಡ್ಡು ಬಿಗಿ ಮಾಡ್ತು, ಕಾಯಂ ಮೇಷ್ಟ್ರುಗಳನ್ನ ತುಂಬೋದು ನಿಲ್ಲಿಸ್ತು, ಅನುಕೂಲಸ್ಥರು ಜಾಗ ಖಾಲಿ ಮಾಡಿದ್ರು. ಖಾಲಿ ಮಾಡಿದವರೇ ಈಗ ಆಚೆ ನಿಂತ್ಕೊಂಡು ಮನೆ ಸೋರ್ತಿದೆ, ಒಳಗಿರೋರೇ ಸರಿ ಇಲ್ಲ ಅಂತಾರೆ.

ಮೇಷ್ಟ್ರುಗಳ ವಿಷಯ ನೋಡಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೇ ಹತ್ತು ಸಾವಿರಕ್ಕೂ ಹೆಚ್ಚು. ಇಪ್ಪತ್ತು ವರ್ಷ ಪಾಠ ಮಾಡಿದವರನ್ನೂ 'ಅತಿಥಿ' ಅಂತ ಕರೀತಾರೆ. ನಮ್ಮ ಕಡೆ ಅತಿಥಿ ಅಂದ್ರೆ ಮೊದಲು ಮಣೆ ಹಾಕ್ತಾರೆ. ಇವರಿಗೆ ವರ್ಷಕ್ಕೊಂದು ಸಲ ಕೆಲಸ ಇದೆಯೋ ಇಲ್ವೋ ಅಂತ ಹೇಳಿ ಕಳಿಸ್ತಾರೆ. 2022ರ ಜನವರಿಯವರೆಗೆ ಇವರ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ. ರಸ್ತೆಯಲ್ಲಿ ಕೂತು ಹೋರಾಟ ಮಾಡಿದ ಮೇಲೆ 26ರಿಂದ 32 ಸಾವಿರ ಆಯ್ತು. ಸೇವಾ ಭದ್ರತೆ ಕೇಳಿ 2023ರಲ್ಲಿ ಮತ್ತೆ ರಸ್ತೆಗೆ ಬಂದ್ರು. ಇವರಲ್ಲೂ ನಮ್ಮವರು ಬಹಳ ಜನ, ನೆಟ್ಟು ಸ್ಲೆಟ್ಟು ಪಿಎಚ್‌ಡಿ ಎಲ್ಲಾ ಆದವರು. ಮನೆ ಬಾಡಿಗೆ ಕಟ್ಟೋಕೆ ಟ್ಯೂಷನ್ ಹೇಳೋ ಮೇಷ್ಟ್ರು ಸಂಜೆ ನಾಲ್ಕರ ಮೇಲೆ ಹಿಂದುಳಿದ ಹುಡುಗನ್ನ ಕೂರಿಸ್ಕೊಂಡು ಇಂಗ್ಲಿಷ್ ತಿದ್ದಬೇಕು ಅಂದ್ರೆ ಹೇಗೆ ತಿದ್ದುತ್ತಾರೆ?

ಮೇಷ್ಟ್ರುಗಳನ್ನ ಕೊಡದೇ ಇದ್ರೂ ಪ್ರಯೋಗಗಳಿಗೆ ಬರ ಇಲ್ಲ. 2017ರಲ್ಲಿ ಬೆಂಗಳೂರು ವಿವಿ ಮೂರಾಯ್ತು: ಇಲ್ಲೊಂದು, ಸೆಂಟ್ರಲ್ ಕಾಲೇಜಲ್ಲೊಂದು, ಕೋಲಾರಕ್ಕೊಂದು. ಕುಲಪತಿಗಳು ಮೂವರಾದ್ರು. ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜನ್ನ ಐಐಟಿ ಮಾದರಿ ಮಾಡ್ತೀವಿ ಅಂತ ಬೇರೆ ಕಾಯ್ದೆ ತಂದು ಹೊರಕ್ಕೆ ತೆಗೆದ್ರು. 2021ರಲ್ಲಿ ಇಡೀ ದೇಶಕ್ಕಿಂತ ಮೊದಲು ನಾವೇ ಅಂತ ನಾಲ್ಕು ವರ್ಷದ ಡಿಗ್ರಿ ತಂದ್ರು, 2024ರಲ್ಲಿ ಬೇಡ ಅಂತ ಮೂರು ವರ್ಷಕ್ಕೆ ವಾಪಸ್ ಬಂದ್ರು. ನಡುವೆ ಸಿಕ್ಕಿಕೊಂಡ ಬ್ಯಾಚಿನ ಮಕ್ಕಳು ಯಾರು? ಖಾಸಗಿ ವಿವಿಗೆ ಹೋಗೋಕೆ ದುಡ್ಡಿಲ್ಲದವರು. ಹೊಸ ಹೊಸ ವಿವಿ ಅಂತ ಶುರು ಮಾಡಿದ್ರಲ್ಲ, ಅವುಗಳಲ್ಲಿ ಒಂಬತ್ತನ್ನ ಮುಚ್ಚೋಣ ಅಂತ 2025ರ ಫೆಬ್ರವರಿಯಲ್ಲಿ ಸಚಿವರ ಉಪಸಮಿತಿ ಕೂತು ಮಾತಾಡ್ತು. ಅದೇ ವರ್ಷದ ಬಜೆಟ್‌ನಲ್ಲಿ ಬೆಂಗಳೂರು ನಗರ ವಿವಿಗೆ ಮನಮೋಹನ್ ಸಿಂಗ್ ಅವರ ಹೆಸರಿಡೋ ಘೋಷಣೆ ಬಂತು. ಹೆಸರಿಡಿ, ಬೇಡ ಅನ್ನಲ್ಲ. ಬೋರ್ಡ್ ಬರೆಸೋಕೆ ಇರೋ ಆಸಕ್ತಿ ಬೋರ್ಡಿನ ಕೆಳಗೆ ಪಾಠ ಹೇಳೋರನ್ನ ನೇಮಿಸೋಕೂ ಇರಲಿ.

ಇನ್ನು ವಿದ್ಯಾರ್ಥಿವೇತನ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. "ನಿಮಗೇನಪ್ಪಾ, ಸರ್ಕಾರ ಎಲ್ಲಾ ಫ್ರೀ ಕೊಡುತ್ತೆ" ಅನ್ನೋರು ದಯವಿಟ್ಟು ಈ ಭಾಗ ಎರಡು ಸಲ ಓದಿ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಇದ್ದ ಕಾಲದಲ್ಲಿ. ಇವತ್ತು ನಾನು ನೀವು ಅಕ್ಷರ ಬರೀತಿದ್ದೀವಿ ಅಂದ್ರೆ ಅದರ ಹಿಂದೆ ಈ ಯೋಜನೆ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ 59 ಸಾವಿರ ಕೋಟಿ ಅಂತ ದೊಡ್ಡ ಸುದ್ದಿ ಮಾಡಿ, ಕೇಂದ್ರ 60, ರಾಜ್ಯ 40 ಅಂತ ಪಾಲು ಗೊತ್ತು ಮಾಡ್ತು. ರಾಜ್ಯ ತನ್ನ ಪಾಲು ಮೊದಲು ಹಾಕಬೇಕು, ಆಮೇಲೆ ಕೇಂದ್ರದ್ದು ನೇರ ವಿದ್ಯಾರ್ಥಿ ಖಾತೆಗೆ. ಕೇಳೋಕೆ ಚೆನ್ನಾಗಿದೆ. ಮೊತ್ತ ಎಷ್ಟು ಗೊತ್ತಾ? ಫೀಸು ಬಿಟ್ಟು, ಓದಿನ ಖರ್ಚಿಗೆ ಅಂತ ಸಾಮಾನ್ಯ ಡಿಗ್ರಿ ಓದೋ, ಮನೆಯಿಂದ ಓಡಾಡೋ ವಿದ್ಯಾರ್ಥಿಗೆ ವರ್ಷಕ್ಕೆ 3,000 ರೂಪಾಯಿ. ಹಾಸ್ಟೆಲ್‌ನಲ್ಲಿದ್ರೆ 6,000. ವರ್ಷಕ್ಕೆ ಸ್ವಾಮಿ, ತಿಂಗಳಿಗಲ್ಲ. ಮನೆಯಿಂದ ಓಡಾಡೋ ಮಗುವಿಗೆ ತಿಂಗಳಿಗೆ 250 ರೂಪಾಯಿ. ಬೆಂಗಳೂರಲ್ಲಿ ದರ್ಶಿನಿಯಲ್ಲಿ ನಾಲ್ಕು ಸಲ ತಿಂಡಿ ತಿಂದ್ರೆ ಮುಗೀತು.

ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಅಂದ್ರೆ ತಿಂಗಳಿಗೆ ಇಪ್ಪತ್ತೊಂದು ಸಾವಿರಕ್ಕಿಂತ ಕಮ್ಮಿ. ಅಪ್ಪ ಕಸ ಗುಡಿಸಿ, ಅಮ್ಮ ಗಾರ್ಮೆಂಟ್ಸ್‌ಗೆ ಹೋದ್ರೆ ಇಬ್ಬರ ಸಂಬಳ ಸೇರಿ ಮಿತಿ ದಾಟುತ್ತೆ, ಮಗಳು ಪಟ್ಟಿಯಿಂದ ಆಚೆ. ಅದೇ 2019ರ 103ನೇ ತಿದ್ದುಪಡಿಯಲ್ಲಿ ಬಂದ ಆರ್ಥಿಕ ದುರ್ಬಲರ ಮೀಸಲಾತಿಗೆ ಮಿತಿ ಎಷ್ಟು? 8 ಲಕ್ಷ. ನಮ್ಮಲ್ಲಿ ಮೂರು ಲಕ್ಷ ದುಡಿಯೋನು ಅನುಕೂಲಸ್ಥ, ಅವರಲ್ಲಿ ಏಳೂವರೆ ಲಕ್ಷ ದುಡಿಯೋನು ಬಡವ. ಒಂದು ವಿದ್ಯಾರ್ಥಿವೇತನ, ಇನ್ನೊಂದು ಮೀಸಲಾತಿ, ಎರಡೂ ಬೇರೆ ಅಂತ ಕಾನೂನು ಹೇಳೋರು ಬರ್ತಾರೆ, ಗೊತ್ತು. ಬಡವ ಅಂದ್ರೆ ಯಾರು ಅಂತ ಸರ್ಕಾರ ಎರಡು ಅಳತೆ ಇಟ್ಕೊಂಡಿದೆಯಲ್ಲ, ನಾನು ಕೇಳ್ತಿರೋದು ಅದನ್ನ.

ಆ 250 ರೂಪಾಯಿ ಪಡೆಯೋ ದಾರಿ ಹೇಗಿದೆ? ನನ್ನ ಅಕ್ಕನ ಮಗಳು ಎಂ.ಕಾಂ. ಓದಿದ್ಲು. ಕಾಲೇಜಿನ ಹೆಸರು ಬೇಡ, ಎಲ್ಲಾ ಕಡೆ ಇದೇ ಕಥೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ಬೇಕು. ಅದಕ್ಕೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್. ಆದಾಯದ್ದು ಅವಧಿ ಮುಗಿದಿತ್ತು, ಹೊಸದು ಮಾಡಿಸ್ಬೇಕು. ಆಮೇಲೆ ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಸೇರಿದ ಇನ್ನೊಂದು ಹೆಸರು. ಕಂಪ್ಯೂಟರ್ ಪಾಲಿಗೆ ಅವಳು ಇಬ್ಬರು ಹುಡುಗೀರು. ಅದು ಸರಿ ಆಯ್ತು ಅನ್ನೋಷ್ಟರಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ. ಬ್ಯಾಂಕಿಗೆ ಹೋದ್ರೆ ಆಗಿದೆ ಅಂತಾರೆ, ಪೋರ್ಟಲ್ ಆಗಿಲ್ಲ ಅನ್ನುತ್ತೆ. ಕಾಲೇಜಿನ ಸೆಕ್ಷನ್‌ನಲ್ಲಿ ಕೇಳಿದ್ರೆ "ನಮ್ಮ ಕೈಲೇನಿಲ್ಲ, ಇಲಾಖೆ ಕೇಳಿ". ಇಲಾಖೆಯಲ್ಲಿ "ಕಾಲೇಜಿಂದ ವೆರಿಫೈ ಆಗಿಲ್ಲ, ಅಲ್ಲಿ ಕೇಳಿ". ಗುಮಾಸ್ತನಾದ ನನಗೇ ನಾಲ್ಕು ಸಿಎಲ್ ಖರ್ಚಾದವು. ಕಚೇರಿ ಮೆಟ್ಟಿಲು ಹತ್ತೋಕೆ ಹೆದರೋ ಅಪ್ಪ ಅಮ್ಮ ಏನ್ ಮಾಡ್ತಾರೆ?

"ಮಾವ, ಬಿಟ್ಬಿಡ್ತೀನಿ ಬಿಡಿ, ಎಲ್ಲಾದ್ರೂ ಬಿಲ್ಲಿಂಗ್ ಕೆಲಸಕ್ಕೆ ಸೇರ್ಕೋತೀನಿ" ಅಂದ್ಲು ಒಂದಿನ. ನಾವು ಮನೆಯವರೆಲ್ಲ ಸೇರಿ ಬಿಡಲಿಲ್ಲ, ಓದು ಮುಗಿಸಿದ್ಲು. ದುಡ್ಡು ಬಂದಿದ್ದು ಕೊನೇ ಸೆಮಿಸ್ಟರ್ ಪರೀಕ್ಷೆ ಆದ ಮೇಲೆ. ಅವಳ ಜೊತೆ ಸೇರಿದ್ದ ನಮ್ಮ ಕಡೆಯ ಇಬ್ಬರು ಹುಡುಗೀರು ಮೂರನೇ ಸೆಮಿಸ್ಟರ್‌ಗೆ ಬರಲೇ ಇಲ್ಲ. ಒಬ್ಬಳಿಗೆ ಮದುವೆ ಆಯ್ತು. ಇನ್ನೊಬ್ಬಳು ಯಾವುದೋ ಮಾಲ್‌ನಲ್ಲಿ ನಿಂತ್ಕೊಂಡು ಕೆಲಸ ಮಾಡ್ತಿದ್ದಾಳಂತೆ. ಹಾಜರಾತಿ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಸಾಲಾಗಿ 'ಗೈರು' ಅಂತ ಇತ್ತಂತೆ. ಆಮೇಲೆ ಹೆಸರೇ ಹೊಡೆದು ಹಾಕಿದ್ರು.

ನನಗೆ ನಿದ್ದೆ ಕೆಡಿಸಿದ್ದು ಆ 'ಗೈರು' ಅನ್ನೋ ಪದ. ಆ ಎರಡಕ್ಷರದಲ್ಲಿ ಎಲ್ಲಾ ಮುಗಿದುಹೋಯ್ತು. ಸ್ಕಾಲರ್‌ಶಿಪ್ ಬರಲಿಲ್ಲ ಅಂತ ಅಲ್ಲಿಲ್ಲ. ಹಾಸ್ಟೆಲ್ ಸೀಟು ಸಿಗದೆ ದಿನಾ ಎರಡೂವರೆ ಗಂಟೆ ಬಸ್ಸು ಅಂತ ಇಲ್ಲ. ಇಂಗ್ಲಿಷ್ ಅರ್ಥವಾಗದೆ ಒಬ್ಬಳೇ ಕೂತು ಅತ್ತಳು ಅಂತ ಇಲ್ಲ. ತಪ್ಪು ಪೂರ್ತಿ ಅವಳದ್ದು, ಬರಲಿಲ್ಲ ಅಂದ್ರೆ ಬರಲಿಲ್ಲ.

ಪ್ರವೇಶ ಪಡೆದವರ ಪಟ್ಟಿಯನ್ನ ವಿವಿ ಗೋಡೆಗೆ ಅಂಟಿಸುತ್ತೆ, ಜಾತಿವಾರು, ಕಾಲಂವಾರು. ಸಮಿತಿ ಬಂದಾಗ "ನಮ್ಮಲ್ಲಿ ಇಷ್ಟು ಸಾವಿರ ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳು" ಅಂತ ಹೆಮ್ಮೆಯಿಂದ ಕೊಡುತ್ತೆ. ಘಟಿಕೋತ್ಸವದಲ್ಲಿ ಚಿನ್ನದ ಪದಕದವರ ಪಟ್ಟಿ ಓದ್ತಾರೆ. ನಡುವೆ ಉದುರಿಹೋದವರ ಪಟ್ಟಿಯನ್ನ ಯಾವ ಗೋಡೆಯ ಮೇಲೆ ನೋಡಿದ್ದೀರಿ? ನಾನು ನೋಡಿಲ್ಲ. ನೂರು ಮಕ್ಕಳು ಒಳಗೆ ಹೋಗಿ ಎಷ್ಟು ಮಕ್ಕಳು ಡಿಗ್ರಿ ಹಿಡ್ಕೊಂಡು ಆಚೆ ಬಂದ್ರು ಅನ್ನೋದು ತಾನೇ ಒಂದು ವಿವಿಯ ನಿಜವಾದ ಗುಣಮಟ್ಟ?

ಕೇಳಿದ್ರೆ ಲೆಕ್ಕ ಸಿಗುತ್ತೆ ಅನ್ನೋದಕ್ಕೆ ಪುರಾವೆ ಇದೆ. 2023ರ ಡಿಸೆಂಬರ್‌ನಲ್ಲಿ ಸಂಸತ್ತಲ್ಲಿ ಪ್ರಶ್ನೆ ಬಂದಾಗ ಕೇಂದ್ರ ಶಿಕ್ಷಣ ಇಲಾಖೆ ಉತ್ತರ ಕೊಡಲೇಬೇಕಾಯ್ತು. ಐದು ವರ್ಷದಲ್ಲಿ ಕೇಂದ್ರೀಯ ವಿವಿ, ಐಐಟಿ, ಐಐಎಂಗಳಿಂದ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು ಜನ ಓದು ಬಿಟ್ಟಿದ್ದಾರೆ. ಕೇಂದ್ರೀಯ ವಿವಿಗಳಲ್ಲೇ ಎಸ್‌ಸಿ 2,424, ಎಸ್‌ಟಿ 2,622. ಒಂದು ಕೋರ್ಸಿಂದ ಇನ್ನೊಂದಕ್ಕೆ ಹೋಗ್ತಾರೆ, ಅದೂ ಇದರಲ್ಲಿದೆ ಅಂತ ಮಂತ್ರಿಗಳು ಸಮಜಾಯಿಷಿ ಕೊಟ್ರು. ಇರಲಿ, ಸಮಜಾಯಿಷಿ ಕೊಡೋಕಾದ್ರೂ ಸಂಖ್ಯೆ ಹೊರಗೆ ಬಂತಲ್ಲ. ನಮ್ಮ ವಿಧಾನಸೌಧದಲ್ಲಿ ಮೀಸಲು ಕ್ಷೇತ್ರದಿಂದ ಗೆದ್ದವರು ಐವತ್ತೊಂದು ಜನ ಇದ್ದಾರೆ. ಬೆಂಗಳೂರು, ಮೈಸೂರು, ಗುಲ್ಬರ್ಗಾ, ಧಾರವಾಡ ವಿವಿಗಳಲ್ಲಿ ಐದು ವರ್ಷದಲ್ಲಿ ನಮ್ಮ ಎಷ್ಟು ಮಕ್ಕಳು ಓದು ಬಿಟ್ರು ಅಂತ ಇವರಲ್ಲಿ ಒಬ್ಬರಾದ್ರೂ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಬಾರದಾ?

2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿವಿಯಲ್ಲಿ ರೋಹಿತ್ ವೇಮುಲನನ್ನ ಕಳಕೊಂಡ್ವಿ. ತನಗೆ ಏಳು ತಿಂಗಳ ಫೆಲೋಶಿಪ್ ಬಾಕಿ ಬರಬೇಕು ಅಂತ ಆತ ಕೊನೆಯ ಪತ್ರದಲ್ಲಿ ಬರೆದಿಟ್ಟು ಹೋದ. ಪ್ರತಿವರ್ಷ ಆ ದಿನ ನಾವು ಮೇಣದಬತ್ತಿ ಹಚ್ತೀವಿ, ಡಿಪಿ ಬದಲಾಯಿಸ್ತೀವಿ. ಹಚ್ಚೋಣ. ಆದ್ರೆ ಜೀವ ಇದ್ದೂ ಓದು ಕಳಕೊಂಡು ಊರಿಗೆ ವಾಪಸ್ ಹೋದ ಸಾವಿರಾರು ಮಕ್ಕಳಿಗೆ ಫೋಟೋನೂ ಇಲ್ಲ, ದಿನಾಂಕವೂ ಇಲ್ಲ.

ದುಡ್ಡಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. 2013ರಲ್ಲಿ ಹೋರಾಟ ಮಾಡಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದಿದ್ದು ನಮ್ಮ ಚಳವಳಿ. ಬಜೆಟ್‌ನಲ್ಲಿ ನಮ್ಮ ಪಾಲು ನೂರಕ್ಕೆ 24.1. 7ಡಿ ಅನ್ನೋ ಕಿಂಡಿ ಇಟ್ಟು ಅದರಿಂದ ರಸ್ತೆಗೆ, ನೀರಾವರಿಗೆ ಸುರಿದ್ರು. 2023ರಲ್ಲಿ 7ಡಿ ತೆಗೆದ್ರು, ಹಾರ ಹಾಕಿ ಸ್ವಾಗತಿಸಿದ್ವಿ. ಅದೇ ವರ್ಷ 11 ಸಾವಿರ ಕೋಟಿಗೂ ಮೀರಿ ನಮ್ಮ ಹಣವನ್ನ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಬರೆದ್ರು. ಮೇಲೆ ಶಕ್ತಿ ಯೋಜನೆಯನ್ನ ಹೊಗಳಿದವನೂ ನಾನೇ. ಹೊಗಳಿದ ಬಾಯಲ್ಲೇ ಹೇಳ್ತೀನಿ: ಎಲ್ಲಾ ಜಾತಿಯ ಹೆಣ್ಣುಮಕ್ಕಳಿಗೂ ಕೊಡೋ ಸೌಲಭ್ಯಕ್ಕೆ ಎಲ್ಲರ ಖಜಾನೆಯಿಂದ ಕೊಡಿ. ನಮ್ಮ ಮಕ್ಕಳ ಹಾಸ್ಟೆಲ್ ಕಟ್ಟೋ ದುಡ್ಡಿಂದ ಯಾಕೆ?

ಹಾಸ್ಟೆಲ್ ಅಂದೆ. ಸೀಟಿಲ್ಲದ ಹುಡುಗ ಗೆಳೆಯನ ರೂಮಲ್ಲಿ ಕದ್ದು ಮಲಗ್ತಾನೆ, ಇಬ್ಬರ ರೂಮಲ್ಲಿ ಐದು ಜನ. ವಾರ್ಡನ್ ಬಂದ್ರೆ ಮಂಚದಡಿ. ಅದನ್ನ ನೋಡಿ "ಹಾಸ್ಟೆಲ್ ಹುಡುಗ್ರು ಶಿಸ್ತಿಲ್ಲ" ಅಂತಾರೆ. ರಸ್ತೆಗೆ ಬಂದು ಕೂತ್ರೆ "ಓದೋದು ಬಿಟ್ಟು ಧರಣಿ ಮಾಡ್ತಾರೆ" ಅಂತಾರೆ. 2022ರ ಅಕ್ಟೋಬರ್‌ನಲ್ಲಿ ಜ್ಞಾನಭಾರತಿ ಕ್ಯಾಂಪಸ್ ಒಳಗೇ ಒಬ್ಬ ವಿದ್ಯಾರ್ಥಿನಿ ಬಿಎಂಟಿಸಿ ಬಸ್ಸಿನ ಚಕ್ರಕ್ಕೆ ಸಿಕ್ಕಿ, ಆಸ್ಪತ್ರೆಯಲ್ಲಿ ದಿನಗಟ್ಟಲೆ ನರಳಿ ತೀರಿಕೊಂಡಳು. ಊರಿನ ವಾಹನವೆಲ್ಲ ಕ್ಯಾಂಪಸ್ ಒಳಗಿಂದ ಹಾಯೋದನ್ನ ನಿಲ್ಲಿಸಿ ಅಂತ ರಸ್ತೆಯಲ್ಲಿ ಕೂತವರು ಇದೇ 'ಹಾಸ್ಟೆಲ್ ಹುಡುಗ್ರು'. ನಮಗೆ ಆಫೀಸಿಗೆ ಲೇಟಾಗುತ್ತೆ ಅಂತ ಹಾರ್ನ್ ಹೊಡೆದವರು ಕ್ವಾಲಿಟಿ ಜನ.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ವಿವಿಯಲ್ಲಿ ದೊಡ್ಡ ಕಾರ್ಯಕ್ರಮ, ಕುಲಪತಿಗಳ ಜೊತೆ ವೇದಿಕೆ, ಶಾಲು, ಹಾರ, ಫೋಟೋ. ಆ ವೇದಿಕೆಯಲ್ಲಿ ಕೂತಾಗ ಒಂದು ಮನವಿ ಪತ್ರ ಕೊಟ್ಟು "ಕಳೆದ ಮೂರು ಬ್ಯಾಚಲ್ಲಿ ಸೇರಿದವರು ಎಷ್ಟು, ಮುಗಿಸಿದವರು ಎಷ್ಟು" ಅಂತ ಯಾವ ನಾಯಕರು ಕೇಳಿದ್ದಾರೆ? ಶೇಕಡಾ 17ರೊಳಗೆ ನಿನಗೆಷ್ಟು ನನಗೆಷ್ಟು ಅಂತ ಎಡ-ಬಲ ಜಗಳ ಆಡೋಕೆ ನಮಗೆ ಬೇಕಾದಷ್ಟು ಪುರುಸೊತ್ತಿದೆ. ಓದು ಬಿಟ್ಟು ಊರಿಗೆ ಹೋದ ಮಕ್ಕಳಲ್ಲಿ ಎಡವೂ ಇದ್ದಾರೆ, ಬಲವೂ ಇದ್ದಾರೆ.

ಅದಕ್ಕೆ ಮಾಡಬೇಕಾದ್ದು ಇಷ್ಟು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಒಬ್ಬರು ಹಾಕಿದ್ರೆ ಕಸದ ಬುಟ್ಟಿ, ಇನ್ನೂರು ಜನ ಹಾಕಿದ್ರೆ ಸಭೆ ಕರೀತಾರೆ. ಗುಮಾಸ್ತನಾಗಿ ಕೆಲವು ಕಿವಿಮಾತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಎಲ್ಲಾ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ತುಂಬಿದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತೆ. ಬಿಪಿಎಲ್ ಕಾರ್ಡ್ ಇದ್ದವರು ಜೆರಾಕ್ಸ್ ಲಗತ್ತಿಸಿದ್ರೆ ಶುಲ್ಕ ಇಲ್ಲ. "ಯಾಕೆ ಬಿಟ್ರು" ಅಂತ ಕೇಳಬೇಡಿ, ಕಾರಣ ಕೊಡೋದು ನಮ್ಮ ಕೆಲಸ ಅಲ್ಲ ಅಂತಾರೆ. ದಾಖಲೆ ಕೇಳಿ. ಒಂದರಲ್ಲಿ ವಿಭಾಗವಾರು ಮೊದಲ ಸೆಮಿಸ್ಟರ್‌ಗೂ ಕೊನೇ ಸೆಮಿಸ್ಟರ್‌ಗೂ ಪರೀಕ್ಷಾ ಶುಲ್ಕ ಕಟ್ಟಿದ ಪ.ಜಾ., ಪ.ಪಂ. ವಿದ್ಯಾರ್ಥಿಗಳ ಸಂಖ್ಯೆ ಕೇಳಿ, ಬಿಟ್ಟುಹೋದವರ ಲೆಕ್ಕ ಕಳೆದರೆ ತಾನೇ ಸಿಗುತ್ತೆ. ಇನ್ನೊಂದರಲ್ಲಿ ಹಾಸ್ಟೆಲ್‌ಗೆ ಬಂದ ಅರ್ಜಿ, ಕೊಟ್ಟ ಸೀಟು. ಮತ್ತೊಂದರಲ್ಲಿ ಮಂಜೂರಾದ ಬೋಧಕ ಹುದ್ದೆ, ಖಾಲಿ ಇರೋ ಬ್ಯಾಕ್‌ಲಾಗ್ ಹುದ್ದೆ. ಯುಜಿಸಿಯ 2012ರ ಸಮಾನತೆ ನಿಯಮದ ಪ್ರಕಾರ ಇರಬೇಕಾದ ಸಮಾನ ಅವಕಾಶ ಘಟಕಕ್ಕೆ ಬಂದ ದೂರು ಎಷ್ಟು, ವಿಲೇವಾರಿ ಎಷ್ಟು ಅನ್ನೋದಕ್ಕೆ ಬೇರೆ ಅರ್ಜಿ. 30 ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ನಾಲ್ಕು ಅರ್ಜಿಗಳ ಮಾದರಿಯನ್ನ ನಮೂನೆ 'ಎ'ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿಟ್ಟಿದ್ದೀನಿ. ಬೇಕಾದವರು ಕೆಳಗೆ ನಿಮ್ಮ ವಿವಿಯ ಹೆಸರು ಬರೀರಿ, ಕಳಿಸ್ತೀನಿ. ಓದು ಅರ್ಧಕ್ಕೆ ಬಿಟ್ಟವರು ಯಾರಾದ್ರೂ ಇದನ್ನ ಓದ್ತಿದ್ರೆ, ಹೆಸರು ಬೇಡ, ಯಾವ ವರ್ಷ, ಯಾವ ಸೆಮಿಸ್ಟರ್ ಅಂತ ಮಾತ್ರ ಬರೀರಿ. ಅವರು ಲೆಕ್ಕ ಕೊಡೋವರೆಗೆ ನಮ್ಮದೊಂದು ಪಟ್ಟಿ ಇರಲಿ.

ಜೈಭೀಮ್.